ಹೆಬ್ಬೆರಳಿನ ಬುಡದ ನೋವು, ಮತ್ತು ಈ ಎರಡು ಸ್ಪ್ಲಿಂಟ್‌ಗಳು

ಈಗ ನೀವು ನೋಡುತ್ತಿರುವುದು ನನ್ನ ಬಲಗೈ. ಹೆಬ್ಬೆರಳು ಮಣಿಕಟ್ಟಿಗೆ ಸೇರುವ ಕಡೆ ಸಣ್ಣ ಉಬ್ಬು ಕಾಣುತ್ತದೆ, ಅಲ್ವಾ? ನೋವೆಲ್ಲ ಅಲ್ಲೇ. ಅಲ್ಲಿನ ಎರಡು ಮೂಳೆಗಳು ಕುದುರೆ ಮೇಲಿನ ಜೀನಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಹಾಗಾಗಿ ಹೆಬ್ಬೆರಳು ಬೇಕಾದ ಕಡೆ ತಿರುಗುತ್ತದೆ. ಆದರೆ ನಡುವಿನ ಕಾರ್ಟಿಲೇಜ್, ಅಂದರೆ ಮೂಳೆಗಳು ಉಜ್ಜದಂತೆ ತಡೆಯುವ ನುಣುಪಾದ ಪದರ, ಸವೆದರೆ ಬೀಗ ತೆಗೆಯುವುದೂ ಕಷ್ಟ. ತುದಿಬೆರಳಲ್ಲಿ ಒಂದು ಕಿಲೋದಷ್ಟು ಒತ್ತಿ ಹಿಡಿದರೆ ಬುಡದ ಮೇಲೆ ಸುಮಾರು 12 ಕಿಲೋದಷ್ಟು ಭಾರ ಬೀಳುತ್ತದೆ. ಪಾಪ, ಅದು ನೋಯದೆ ಇನ್ನೇನು ಮಾಡೀತು!

ಸ್ಪ್ಲಿಂಟ್ ಅಂದರೆ ಕೈಗೆ ಕಟ್ಟಿಕೊಳ್ಳುವ ಆಸರೆ; ಬುಡ ಜಾರದಂತೆ ಹಿಡಿಯುವುದು ಅದರ ಕೆಲಸ. ಮಣಿಕಟ್ಟು ದಾಟಿ ಮೇಲಕ್ಕೆ ಬರುವ ಉದ್ದನೆಯವೂ ಇವೆ. ನನಗೆ ಅಂಗೈಯಲ್ಲೇ ನಿಲ್ಲುವ ಗಿಡ್ಡದ್ದೇ ಇಷ್ಟ. ತುದಿಯ ಗೆಣ್ಣು ಮಡಚಲು ಬಂದರೆ ಪೆನ್ನು ಹಿಡಿಯಬಹುದು, ಗುಂಡಿ ಹಾಕಬಹುದು. ಕೆಲಸಕ್ಕೆ ಅಡ್ಡ ಬರುವ ಸ್ಪ್ಲಿಂಟ್ ಕೊನೆಗೆ ಡ್ರಾಯರ್ ಸೇರುತ್ತದೆ.

ಈ ಕಪ್ಪಗಿರುವುದು ನಿಯೋಪ್ರೀನ್, ಅಂದರೆ ರಬ್ಬರಿನಂಥ ಬಟ್ಟೆ. ಮೆತ್ತಗೆ, ಬೆಚ್ಚಗೆ ಇರುತ್ತದೆ. ಆದರೆ ಹಿಡಿತ ಕಡಿಮೆ, ಬೆವರು ಜಾಸ್ತಿ. ಬಿಳಿಯದು ಥರ್ಮೋಪ್ಲಾಸ್ಟಿಕ್. ಥೆರಪಿಸ್ಟ್ ಇದರ ಹಾಳೆಯನ್ನು ಬಿಸಿನೀರಿಗೆ ಹಾಕುತ್ತಾರೆ. ಬಟ್ಟೆಯ ಹಾಗೆ ಜೋತುಬಿದ್ದಾಗ ಒರೆಸಿ ಕೈಗೆ ಸುತ್ತುತ್ತಾರೆ. ನೀವು ಲೋಟ ಹಿಡಿದವರಂತೆ ಬೆರಳು ಬಾಗಿಸಿ ಕೂತಿರಬೇಕು. ಕೆಲವೇ ನಿಮಿಷಕ್ಕೆ ಗಟ್ಟಿಯಾಗುತ್ತದೆ. ಬಿಚ್ಚಿದ ಮೇಲೆ ಚರ್ಮದ ಮೇಲಿನ ಕೆಂಪು ಕಲೆ ಅರ್ಧ ಗಂಟೆಯಾದರೂ ಹೋಗದಿದ್ದರೆ ಎಲ್ಲೋ ಒತ್ತುತ್ತಿದೆ ಎಂದು. ಸಹಿಸಿಕೊಳ್ಳಬೇಡಿ, ಸರಿ ಮಾಡಿಸಿ. ಹಾಂ, ಬಿಸಿಲಿಗೆ ನಿಂತ ಕಾರಲ್ಲಿ ಇದನ್ನು ಬಿಟ್ಟರೆ ಆಕಾರ ಕೆಡುತ್ತದೆ.

ಸವೆದ ಕಾರ್ಟಿಲೇಜ್ ಸ್ಪ್ಲಿಂಟ್‌ನಿಂದ ಮತ್ತೆ ಬೆಳೆಯುವುದಿಲ್ಲ. ಹಾಗಾದರೆ ಲಾಭ ಎಷ್ಟು? ಉತ್ತರ ಒಂದೇ ಥರ ಇಲ್ಲ. 2009ರಲ್ಲಿ ಪ್ರಕಟವಾದ ಫ್ರಾನ್ಸ್‌ನ ಅಧ್ಯಯನದಲ್ಲಿ ರಾತ್ರಿ ಹೊತ್ತು ಸ್ಪ್ಲಿಂಟ್ ಹಾಕಿಕೊಂಡವರಿಗೆ ಮೊದಲ ತಿಂಗಳು ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, 12 ತಿಂಗಳಿಗೆ ನೋವು ಕಡಿಮೆಯಾಗಿತ್ತು. ಬ್ರಿಟನ್‌ನ ಇನ್ನೊಂದು ಅಧ್ಯಯನದಲ್ಲಿ, ವ್ಯಾಯಾಮ ಮತ್ತು ತಿಳಿವಳಿಕೆ ಪಡೆದವರಿಗೆ ಸ್ಪ್ಲಿಂಟ್‌ನಿಂದ ಹೆಚ್ಚುವರಿ ಲಾಭ ಸಿಗಲಿಲ್ಲ. ಹಾಗಾಗಿ ಒಂದೆರಡು ದಿನ ಹಾಕಿ ಎಸೆಯಲೂ ಬೇಡಿ, ಇದೊಂದನ್ನೇ ನಂಬಿ ವ್ಯಾಯಾಮ ಬಿಡಲೂ ಬೇಡಿ.

ನಾನು ಬಟ್ಟೆ ಹಿಂಡುವಾಗ, ತರಕಾರಿ ಹೆಚ್ಚುವಾಗ ಮೆತ್ತನೆಯದು ಹಾಕಿಕೊಳ್ಳುತ್ತೇನೆ, ಮಲಗುವಾಗ ಗಟ್ಟಿಯದು. ಇಡೀ ದಿನ ಕಟ್ಟಿಕೊಂಡರೆ ಬೆರಳು ಬಿಗಿಯುತ್ತದೆ. ಬಿಗಿಯಾದ ಮುಚ್ಚಳಕ್ಕಂತೂ ರಬ್ಬರ್ ಹಾಳೆ ಇಟ್ಟು, ಬೆರಳಿನ ಬದಲು ಅಂಗೈಯಿಂದ ತಿರುಗಿಸಿ. ಆಗ ಸ್ಪ್ಲಿಂಟೇ ಬೇಕಾಗುವುದಿಲ್ಲ.