14 ಸಲ ಬಂದು ಒಂದೂ ರೇಸ್ ಓಡದ ಎಫ್1 ಕಾರು: ‘ಲೈಫ್’ ಕಥೆ

[ಪರದೆ ಕಪ್ಪು. ಸ್ಟಾಪ್‌ವಾಚ್ ಮಾತ್ರ ಓಡ್ತಿದೆ.]

7 ನಿಮಿಷ 16 ಸೆಕೆಂಡ್.

ಕುಕ್ಕರ್‌ನಲ್ಲಿ ಅನ್ನಕ್ಕಿಟ್ಟರೆ ಹೆಚ್ಚುಕಮ್ಮಿ ಒಂದು ವಿಷಲ್ ಬರೋ ಹೊತ್ತು. 1990ರ ಮೇ ತಿಂಗಳಲ್ಲಿ, ಇಟಲಿಯ ಇಮೋಲಾ ಟ್ರ್ಯಾಕಲ್ಲಿ, ಒಂದು ಫಾರ್ಮುಲಾ ವನ್ ಕಾರು ಒಂದೇ ಒಂದು ಸುತ್ತಿಗೆ ತಗೊಂಡ ಟೈಮ್ ಇದು. ಅದೇ ವಾರ ಅಲ್ಲೇ ಡ್ರೈವರ್ ಐರ್ಟನ್ ಸೆನ್ನಾ ಪೋಲ್, ಅಂದ್ರೆ ರೇಸಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲೋ ಜಾಗ, ಹೊಡೆದಿದ್ದು 1 ನಿಮಿಷ 23 ಸೆಕೆಂಡಲ್ಲಿ. ನಾನು ಕೂತು ಲೆಕ್ಕ ಹಾಕ್ದೆ. ಟ್ರ್ಯಾಕ್ ಉದ್ದ 5 ಕಿಲೋಮೀಟರ್ ಚಿಲ್ಲರೆ, ಅಂದ್ರೆ ಸರಾಸರಿ ಗಂಟೆಗೆ 42 ಕಿ.ಮೀ. ನಮ್ಮಪ್ಪನ ಟಿವಿಎಸ್ ಎಕ್ಸೆಲ್, ಹಿಂದೆ ಒಂದು ಮೂಟೆ ಹಿಂಡಿ ಹೇರ್ಕೊಂಡೇ ಆ ಸ್ಪೀಡಲ್ಲಿ ಹೋಗ್ತಿತ್ತು.

[ಟೈಟಲ್]

ಕಾರಿನ ಹೆಸರು ಲೈಫ್ ಎಲ್190. ‘ಎಫ್1 ಇತಿಹಾಸದ ಅತ್ಯಂತ ಕೆಟ್ಟ ಕಾರು’ ಅಂತ ಯಾರು ಪಟ್ಟಿ ಮಾಡಿದ್ರೂ ಇದಕ್ಕೊಂದು ಜಾಗ ಗ್ಯಾರಂಟಿ. ನಗೋದು ಸುಲಭ, ನಾನೂ ನಗ್ತೀನಿ. ಆದ್ರೆ ನನ್ನ ತಲೆ ಕೊರೆದಿದ್ದು ಬೇರೆ ಪ್ರಶ್ನೆ. ಈ ಕಾರಿನ ಇಂಜಿನ್ ಮಾಡಿದೋರು ಯಾರೋ ಗ್ಯಾರೇಜ್ ಮೇಸ್ತ್ರಿ ಅಲ್ಲ. ಫೆರಾರಿಯಲ್ಲಿ ವರ್ಷಗಟ್ಟಲೆ ಇಂಜಿನ್ ಕೆಲಸ ಮಾಡಿದ್ದ ಫ್ರಾಂಕೋ ರೊಕ್ಕಿ. ಅಂಥ ಪಳಗಿದ ಕೈಯಿಂದ ಇಂಥ ಕಾರು ಹೆಂಗೆ ಬಂತು?

ಎಫ್1 ಅಂದ್ರೇನು ಅಂತ ಪಾಠ ಮಾಡ್ತಾ ಕೂರಲ್ಲ. ಎರಡು ವಿಷಯ ಗೊತ್ತಿದ್ರೆ ಸಾಕು. ಒಂದು, 1989ರಿಂದ ಟರ್ಬೊ (ಇಂಜಿನ್‌ಗೆ ಜಾಸ್ತಿ ಗಾಳಿ ತುರುಕಿ ಪವರ್ ಹೆಚ್ಚಿಸೋ ಸಾಧನ) ಬ್ಯಾನ್ ಆಯ್ತು, 3.5 ಲೀಟರ್ ಇಂಜಿನ್, ಟರ್ಬೊ ಇಲ್ಲದೆ. ಹಾಗಾಗಿ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದ್ರು: ಫೋರ್ಡ್ ವಿ8, ಹೋಂಡಾ ವಿ10, ಫೆರಾರಿ ವಿ12 (ಅಂಕಿ ಅಂದ್ರೆ ಸಿಲಿಂಡರ್ ಎಷ್ಟು ಅಂತ). ಎರಡು, ಆಗ ಟೀಮ್‌ಗಳು ಜಾಸ್ತಿ, ಜಾಗ ಕಮ್ಮಿ. 1990ರ ಶುರುವಲ್ಲಿ ಬಂದಿದ್ದು 35 ಕಾರು. ಕ್ವಾಲಿಫೈಯಿಂಗ್‌ಗೆ, ಅಂದ್ರೆ ರೇಸಿಗೆ ಯಾರು ಅಂತ ಆರಿಸೋ ಓಟಕ್ಕೆ, ಬಿಡ್ತಿದ್ದಿದ್ದು 30. ಅದಕ್ಕೇ ಬಡಪಾಯಿ ಟೀಮ್‌ಗಳ 9 ಕಾರಿಗೆ ಶುಕ್ರವಾರ ಬೆಳಗ್ಗೆ 8 ಗಂಟೆಗೆ ಪ್ರೀ-ಕ್ವಾಲಿಫೈಯಿಂಗ್ ಅಂತ ಒಂದು ಗಂಟೆ. ಮೊದಲ 4 ಕಾರು ಒಳಗೆ, ಉಳಿದ 5 ಗಂಟುಮೂಟೆ ಕಟ್ಕೊಂಡು ಮನೆಗೆ. ಪ್ರೇಕ್ಷಕರು ತಿಂಡಿ ತಿಂದು ಬರೋಷ್ಟರಲ್ಲಿ ನಿಮ್ಮ ವೀಕೆಂಡ್ ಮುಗಿದಿರುತ್ತೆ!

ಸರಿ, ಕಥೆಗೆ ಬರೋಣ. ಇಟಲಿಯಲ್ಲಿ ಎರ್ನೆಸ್ಟೋ ವೀಟಾ ಅಂತ ಒಬ್ಬ ಉದ್ಯಮಿ. ‘ವೀಟಾ’ ಅಂದ್ರೆ ಇಟಾಲಿಯನ್‌ನಲ್ಲಿ ಜೀವನ; ಇಂಗ್ಲಿಷಿಗೆ ತಿರುಗಿಸಿ ಕಂಪನಿಗೆ ‘ಲೈಫ್’ ಅಂತ ಹೆಸರಿಟ್ಟ. ರೊಕ್ಕಿಯ ಇಂಜಿನ್‌ನ ಹಕ್ಕು ಕೊಂಡ. ಅವನ ಪ್ಲಾನು ರೇಸ್ ಓಡೋದಲ್ಲ, ಇದನ್ನ ನೆನಪಿಟ್ಕೊಳ್ಳಿ. ಇಂಜಿನ್‌ನ ಯಾವುದಾದ್ರೂ ದೊಡ್ಡ ಟೀಮಿಗೆ ಮಾರೋದು.

ಆ ಇಂಜಿನ್ ಇದೆಯಲ್ಲ, ಅದೇ ಇವತ್ತಿನ ಹೀರೋ. ಡಬ್ಲ್ಯೂ12.

[ಕ್ಲೋಸಪ್: ಮೇಜಿನ ಮೇಲೆ ಮೂರು ಪೆನ್ಸಿಲ್, ಒಂದು ರಬ್ಬರ್‌ಬ್ಯಾಂಡ್]

ನೋಡಿ, ವಿ12ನಲ್ಲಿ ಸಿಲಿಂಡರ್‌ಗಳು ಆರಾರು, ಎರಡು ಸಾಲು. ಉದ್ದ ಜಾಸ್ತಿ. ರೊಕ್ಕಿ ಏನ್ ಮಾಡಿದ್ರು? ನಾಲ್ಕು ನಾಲ್ಕರ ಮೂರು ಸಾಲು. ಒಂದು ಸಾಲು ನೆಟ್ಟಗೆ, ಇನ್ನೆರಡು ಎಡಕ್ಕೂ ಬಲಕ್ಕೂ 60 ಡಿಗ್ರಿ ವಾಲಿಸಿ. ಈ ಮೂರು ಪೆನ್ಸಿಲ್ ಬುಡ ಒಂದೇ ಕಡೆ ಕಟ್ಟಿದೀನಿ ನೋಡಿ, ಮುಂದಿನಿಂದ ನೋಡಿದ್ರೆ ಬಾಣದ ತುದಿ ಥರ. 12 ಸಿಲಿಂಡರ್, ಆದ್ರೆ ಉದ್ದ ವಿ8ನಷ್ಟೇ. ಕಾಗದದ ಮೇಲೆ ಭರ್ಜರಿ ಐಡಿಯಾ, ಅದ್ರಲ್ಲಿ ಎರಡು ಮಾತಿಲ್ಲ.

ಈಗ ಪೆನ್ಸಿಲ್‌ಗಳ ಬುಡ ನೋಡಿ. ಮೂರು ಪಿಸ್ಟನ್‌ಗಳ ಕನೆಕ್ಟಿಂಗ್ ರಾಡ್ ಬಂದು ಸೇರೋದು ಕ್ರ್ಯಾಂಕ್‌ನ, ಅಂದ್ರೆ ಪಿಸ್ಟನ್ ಏರಿಳಿಯೋದನ್ನ ತಿರುಗೋ ಚಲನೆ ಮಾಡೋ ದಂಡದ, ಒಂದೇ ಪಿನ್‌ಗೆ. ಇದನ್ನ ಓದ್ತಿದ್ದಂಗೆ ನನಗೆ ನೆನಪಾಗಿದ್ದು ನಮ್ಮಜ್ಜಿ ಮನೆಯ ಹಿತ್ತಲು. ಒಂದೇ ಒರಳು, ಸುತ್ತ ಮೂರು ಜನ, ಮೂರು ಒನಕೆ. ನೀವು ನೋಡಿದೀರೋ ಇಲ್ವೋ. ಒಬ್ಬರು ಎತ್ತೋ ಹೊತ್ತಿಗೆ ಇನ್ನೊಬ್ಬರದು ಬೀಳ್ತಿರುತ್ತೆ, ಮೂರನೆಯವರದು ಅರ್ಧ ದಾರಿಯಲ್ಲಿ. ಧಡ್, ಧಡ್, ಧಡ್. ಒಂದಕ್ಕೊಂದು ತಾಗಲ್ಲ. ಒಬ್ಬರೇ ಕುಟ್ಟೋದಕ್ಕಿಂತ ಬೇಗ ಕೆಲಸ ಆಗುತ್ತೆ, ಜಾಗ ಮಾತ್ರ ಒಂದೇ ಒರಳಿಂದು. ಲಯ ತಪ್ಪಿದ್ರೆ? ಒನಕೆಗೆ ಒನಕೆ ಬಡಿಯುತ್ತೆ, ಇಲ್ಲಾ ಒರಳಿನ ಬಾಯಿ ಒಡೆಯುತ್ತೆ. ಅಜ್ಜಿ ಹೊಸಬರನ್ನ ಮೂರನೆಯವರಾಗಿ ಸೇರಿಸ್ಕೊಳ್ತಾನೇ ಇರ್ಲಿಲ್ಲ. “ಮೊದ್ಲು ಇಬ್ರ ಜೊತೆ ಕಲಿ” ಅಂತಿದ್ರು. ಈಗ ಆ ಒನಕೆಗಳು ನಿಮಿಷಕ್ಕೆ ಸಾವಿರಗಟ್ಟಲೆ ಸಲ ಬೀಳ್ತಿವೆ ಅಂದ್ಕೊಳ್ಳಿ. ಎಲ್ಲಾ ಹೊಡೆತ ಆ ಒಂದು ಪಿನ್ ಮೇಲೆ.

ಐಡಿಯಾ ಹೊಸದೇನಲ್ಲ. ಬ್ರಿಟನ್ನಿನ ನೇಪಿಯರ್ ಲಯನ್ ಅನ್ನೋ ವಿಮಾನದ ಇಂಜಿನ್ ಹೀಗೇ ಇತ್ತು, ನಾಲ್ಕು ನಾಲ್ಕರ ಮೂರು ಸಾಲು. ಅದೇ ಇಂಜಿನ್ ಹಾಕಿದ ಸೂಪರ್‌ಮರೀನ್ ವಿಮಾನ 1927ರಲ್ಲಿ ಇಟಲಿಯ ವೆನಿಸ್‌ಗೇ ಬಂದು ಷ್ನೈಡರ್ ಟ್ರೋಫಿ ಅನ್ನೋ ವಿಮಾನ ರೇಸ್ ಹೊಡ್ಕೊಂಡು ಹೋಯ್ತು. ಆದ್ರೆ ಅದು ಸುಮಾರು 24 ಲೀಟರ್‌ನ ದೈತ್ಯ, ನಿಧಾನಕ್ಕೆ ತಿರುಗೋ ಇಂಜಿನ್ನು. ಎಫ್1 ಇಂಜಿನ್ ಕಿರುಚಬೇಕು. ಇನ್ನೊಂದು ತಕರಾರೂ ಇದೆ: ನಡುವಿನ ಸಾಲು ನೆಟ್ಟಗೆ ನಿಂತಿರೋದ್ರಿಂದ ಇಂಜಿನ್ ಎತ್ತರ. ಉದ್ದದಲ್ಲಿ ಉಳಿಸಿದ್ದನ್ನ ಎತ್ತರದಲ್ಲಿ ಕಳ್ಕೊಂಡಂಗೆ. ಅಂದಹಾಗೆ, ಬೆಂಟ್ಲಿ ಕಾರಿನ ‘ಡಬ್ಲ್ಯೂ12’ ಇದಲ್ಲ. ಅದರ ಜೋಡಣೆನೇ ಬೇರೆ, ಹೆಸರು ಮಾತ್ರ ಒಂದೇ.

ಫಲಿತಾಂಶ? ಎದುರಾಳಿಗಳ ಹತ್ರ 600ರಿಂದ 700 ಹಾರ್ಸ್‌ಪವರ್. ಲೈಫ್ ಹತ್ರ ಸುಮಾರು 450, ಅದೂ ಒಳ್ಳೆ ಮೂಡಲ್ಲಿದ್ದಾಗ. ಅಂದ್ರೆ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 3000 ಕಾರಿನಷ್ಟು.

ದೊಡ್ಡ ಟೀಮ್ ಯಾವುದೂ ಕೊಳ್ಳಲಿಲ್ಲ. ವೀಟಾ ಏನ್ ಮಾಡ್ಬೇಕು? ಬಟ್ಟೆ ಅಂಗಡಿಯವರು ಗೊಂಬೆಗೆ ಸೀರೆ ಉಡಿಸ್ತಾರಲ್ಲ, ಹಾಗೆ ಇಂಜಿನ್ ತೋರಿಸೋಕೆ ಒಂದು ಕಾರು ಬೇಕು. ಅಗ್ಗಕ್ಕೆ ಒಂದು ಸಿಕ್ತು. ಲಂಬರ್ಟೋ ಲಿಯೋನಿಯ ‘ಫಸ್ಟ್’ ಅನ್ನೋ ಟೀಮು 1989ಕ್ಕೆ ಅಂತ ಮಾಡಿಸಿ, ಕ್ರ್ಯಾಶ್ ಟೆಸ್ಟ್‌ನಲ್ಲಿ ಫೇಲಾಗಿ, ಒಂದೂ ಎಫ್1 ಚಾಂಪಿಯನ್‌ಶಿಪ್ ರೇಸ್ ಓಡದೆ ಮೂಲೆಗೆ ಬಿದ್ದಿದ್ದ ಷಾಸಿ, ಅಂದ್ರೆ ಇಂಜಿನ್ ಇಲ್ಲದ ಕಾರಿನ ಮೈ. ಅದನ್ನ ಡಿಸೈನ್ ಮಾಡಿದ್ದ ರಿಕಾರ್ಡೋ ಡಿವಿಲಾ ಆಗಲೇ ಅದರಿಂದ ಕೈ ತೊಳ್ಕೊಂಡಿದ್ರು. ‘ಅದು ಹೂಕುಂಡಕ್ಕೆ ಲಾಯಕ್ಕು’ ಅನ್ನೋ ಅರ್ಥದ ಅವರ ಮಾತು ಇವತ್ತಿಗೂ ಓಡಾಡುತ್ತೆ. ವಿ8ಗೆ ಅಂತ ಹೊಲಿದ ಅಂಗಿಯೊಳಗೆ ಎತ್ತರದ ಡಬ್ಲ್ಯೂ12 ತುರುಕಿದ್ರು. ಕನಿಷ್ಠ ತೂಕ 500 ಕೆ.ಜಿ. ಇದ್ರೆ ಇದು 530. ಇರೋದು ಒಂದೇ ಷಾಸಿ.

ಈ ಕಾರೊಳಗೆ ಕೂರಿಸಿದ್ದು ಯಾರನ್ನ ಗೊತ್ತಾ? ಗ್ಯಾರಿ ಬ್ರಾಬಮ್. ಮೂರು ಸಲ ವಿಶ್ವ ಚಾಂಪಿಯನ್ ಜ್ಯಾಕ್ ಬ್ರಾಬಮ್ ಅವರ ಮಗ. ಅಪ್ಪ 1966ರಲ್ಲಿ ತನ್ನ ಹೆಸರಿನ ಕಾರಲ್ಲೇ ವಿಶ್ವ ಚಾಂಪಿಯನ್ ಆದ ಮನುಷ್ಯ. ಮಗ 1989ರ ಬ್ರಿಟಿಷ್ ಫಾರ್ಮುಲಾ 3000 ಚಾಂಪಿಯನ್. ಪಾಪ, ಎಫ್1ಗೆ ಬಡ್ತಿ ಸಿಕ್ತು ಅಂತ ಬಂದ್ರೆ, ಬಿಟ್ಟು ಬಂದ ಕಾರಿನಷ್ಟೇ ಪವರ್ರು, ತೂಕ ನೋಡಿದ್ರೆ ಎಫ್1 ಕಾರಿಗಿಂತಲೂ ಜಾಸ್ತಿ.

ಮೊದಲ ರೇಸು ಅಮೆರಿಕದ ಫೀನಿಕ್ಸ್. ಆ ಬೆಳಗ್ಗೆ ಎಲ್ಲರಿಗಿಂತ ವೇಗವಾಗಿ ಓಡಿಸಿದ ರೊಬೆರ್ಟೊ ಮೊರೆನೊಗೆ 1 ನಿಮಿಷ 32 ಸೆಕೆಂಡ್. ಬ್ರಾಬಮ್‌ಗೆ 2 ನಿಮಿಷ 7. ಎಫ್1ನಲ್ಲಿ ಒಂದು ಸೆಕೆಂಡನ್ನ ಸಾವಿರ ಚೂರು ಮಾಡಿ ಲೆಕ್ಕ ಹಾಕ್ತಾರೆ. ಇಲ್ಲಿ ಅರ್ಧ ನಿಮಿಷ ಎಕ್ಕುಟ್ಟೋಯ್ತು. ಎರಡನೇದು ಬ್ರೆಜಿಲ್. ಅಲ್ಲಿ ಪಿಟ್‌ನಿಂದ (ಟೀಮ್‌ಗಳ ಗ್ಯಾರೇಜ್ ಜಾಗದಿಂದ) ಹೊರಟ ಕಾರು ಸ್ವಲ್ಪ ದೂರಕ್ಕೇ ನಿಂತ್ಕೊಳ್ತು. ಬ್ರಾಬಮ್ ಕೈ ಮುಗಿದು ಹೊರಟ್ರು.

ಅವರ ಜಾಗಕ್ಕೆ ಬಂದಿದ್ದು ಬ್ರೂನೊ ಜಾಕೊಮೆಲ್ಲಿ. 1980ರಲ್ಲಿ ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಪೋಲ್ ಹೊಡೆದ ಡ್ರೈವರ್ರು. ಎಫ್1 ಬಿಟ್ಟು ಏಳು ವರ್ಷ ಆಗಿತ್ತು. ಅವರ ಮೊದಲ ಸಲವೇ ಆ ಇಮೋಲಾ, ಆ 7 ನಿಮಿಷ 16 ಸೆಕೆಂಡ್, ಅದೂ ತವರುನೆಲದಲ್ಲಿ, ಜನರ ಮುಂದೆ. ಮೊನಾಕೊದಲ್ಲಿ ಪರಿಸ್ಥಿತಿ ಎಷ್ಟೋ ವಾಸಿ: ವೇಗದವರಿಗಿಂತ ಸುಮಾರು 14 ಸೆಕೆಂಡ್ ಹಿಂದೆ! ಆ ಕಾರಿಗೆ ಅದು ಹಬ್ಬ.

ಎಡಿಟರ್ ಆಗಲೇ ಕೈಗಡಿಯಾರ ತೋರಿಸ್ತಿದ್ದಾನೆ, ಒರಳು ಒನಕೆ ಹಿಡ್ಕೊಂಡು ಕೂತಿದ್ದಕ್ಕೆ. ಉಳಿದಿದ್ದು ಬೇಗ ಬೇಗ ಮುಗಿಸ್ತೀನಿ.

[ಕ್ಯಾಲೆಂಡರ್ ಹಾಳೆಗಳು ಹಾರ್ತಿವೆ]

ಕೆನಡಾ, ಮೆಕ್ಸಿಕೊ, ಫ್ರಾನ್ಸ್, ಬ್ರಿಟನ್, ಜರ್ಮನಿ, ಹಂಗೆರಿ, ಬೆಲ್ಜಿಯಂ, ಇಟಲಿ. ಎಲ್ಲಾ ಕಡೆ ಅದೇ ಶುಕ್ರವಾರ, ಅದೇ ಬೆಳಗ್ಗೆ, ಅದೇ ಗಂಟುಮೂಟೆ. ಪೋರ್ಚುಗಲ್‌ಗೆ ಬರೋಷ್ಟರಲ್ಲಿ ವೀಟಾಗೂ ಸಾಕಾಯ್ತು. ಡಬ್ಲ್ಯೂ12 ಕಿತ್ತು ಜಡ್ ಕಂಪನಿಯ ವಿ8 ಹಾಕಿಸಿದ. ತಮಾಷೆ ಏನಪ್ಪಾ ಅಂದ್ರೆ, ಈ ಷಾಸಿ ಹುಟ್ಟಿದಾಗ ಇದಕ್ಕೆ ಅಂತ ನಿಶ್ಚಯ ಆಗಿದ್ದೇ ಜಡ್ ವಿ8! ಸುತ್ತಾಡಿ ಬಂದು ಮೊದಲನೇ ಸಂಬಂಧಕ್ಕೇ ಮದುವೆ ಆದಂಗಾಯ್ತು. ಆದ್ರೆ ಇಷ್ಟು ದಿನ ಡಬ್ಲ್ಯೂ12 ಹೊತ್ತಿದ್ದ ಮೈಗೆ ಇಂಜಿನ್ ಕವರ್ ಸರಿಯಾಗಿ ಕೂರಲಿಲ್ಲ. ಪೋರ್ಚುಗಲ್‌ನ ಎಸ್ಟೊರಿಲ್‌ನಲ್ಲಿ ಟ್ರ್ಯಾಕಿಗಿಳಿದ ಮೊದಲ ಸುತ್ತಲ್ಲೇ ಕವರ್ರು ಹಾರಿ ಹೋಯ್ತು. ಸ್ಪೇನ್‌ನಲ್ಲೂ ಕೊನೆ ಸ್ಥಾನ. ಜಪಾನ್, ಆಸ್ಟ್ರೇಲಿಯಾಗೆ ಹೋಗಲೇ ಇಲ್ಲ.

ಒಟ್ಟು 14 ಪ್ರಯತ್ನ. ಪ್ರೀ-ಕ್ವಾಲಿಫೈಯಿಂಗ್ ದಾಟಿದ್ದು ಸೊನ್ನೆ. 1992ರಲ್ಲಿ ಊರೆಲ್ಲಾ ನಕ್ಕ ಆಂಡ್ರಿಯಾ ಮೋಡ ಟೀಮ್ ಕೂಡ ಒಂದು ಸಲ, ಮೊನಾಕೊದಲ್ಲಿ, ರೇಸ್ ಗ್ರಿಡ್‌ನಲ್ಲಿ ನಿಂತಿತ್ತು.

ರೊಕ್ಕಿ ದಡ್ಡರಲ್ಲ, ಡಬ್ಲ್ಯೂ12 ಹುಚ್ಚಾಟವೂ ಅಲ್ಲ. ನನಗನ್ಸೋದು, ಅದು ಇನ್ನೂ ವರ್ಷಗಟ್ಟಲೆ ಟೆಸ್ಟ್ ಬೆಂಚಿನ ಮೇಲೆ ಕೂರಬೇಕಿದ್ದ ಇಂಜಿನ್ನು. ಸ್ಯಾಂಪಲ್ ಪೀಸನ್ನ ತಗೊಂಡು ಜಗತ್ತಿನ ಮುಂದೆ ಅಂಗಡಿ ತೆಗೆದ್ರು. ಒಂದು ಫಾರ್ಮುಲಾ ವನ್ ಟೀಮ್ ನಡೆಸೋ ದುಡ್ಡಲ್ಲಿ ತನ್ನ ಸರಕಿನ ವಿರುದ್ಧ ತಾನೇ ಜಾಹೀರಾತು ಕೊಟ್ಟ ವ್ಯಾಪಾರಿ ವೀಟಾ ಒಬ್ಬನೇ ಇರ್ಬೇಕು.

ಮುಗಿಸೋ ಮುಂಚೆ ಒಂದು. ಈ ಕಾರು ಗುಜರಿಗೆ ಹೋಗಲಿಲ್ಲ. ಯಾರೋ ಪುಣ್ಯಾತ್ಮರು ರಿಪೇರಿ ಮಾಡಿಸಿ, ಜಡ್ ತೆಗೆದು ಮತ್ತೆ ಅದೇ ಡಬ್ಲ್ಯೂ12 ಕೂರಿಸಿ, 2009ರಲ್ಲಿ ಇಂಗ್ಲೆಂಡಿನ ಗುಡ್‌ವುಡ್ ಫೆಸ್ಟಿವಲ್ ಆಫ್ ಸ್ಪೀಡ್‌ಗೆ ತಂದ್ರು. ಗುಡ್ಡ ಹತ್ತೋ ರಸ್ತೆ ಅದು, ಸುಮಾರು 1.9 ಕಿ.ಮೀ. ಅಲ್ಲಿ ಪ್ರೀ-ಕ್ವಾಲಿಫೈಯಿಂಗ್ ಇಲ್ಲ.

ಹೆಡ್‌ಫೋನ್ ಇದ್ರೆ ಹಾಕ್ಕೊಳ್ಳಿ. ಮೂರು ಒನಕೆ ಕೇಳ್ಸುತ್ತಾ ನೋಡಿ.

[ಡಬ್ಲ್ಯೂ12 ಸದ್ದು. 20 ಸೆಕೆಂಡ್. ಮಾತಿಲ್ಲ.]