ಗಾಜಿಗೂ ಗುಡ್ಡೆಗೂ ಒಂದೇ ನಾರು

ಕೇಳುಗರಿಗೆ ನಮಸ್ಕಾರ.

ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆ ಕಳೆಯುವ ಮೊದಲೇ ನಮ್ಮ ಅಜ್ಜಿ ಅಂಗಳದ ಬದಿಯ ದರೆಗೆ ಹೆಣೆದ ತೆಂಗಿನ ಮಡಲು ಹೊದಿಸುತ್ತಿದ್ದರು. ತಡವಾದರೆ ಮನೆಯವರಿಗೆಲ್ಲ ಬೈಗಳು. ಮಳೆ ಮಣ್ಣಿಗೆ ನೇರ ಬಡಿಯಬಾರದು, ಅಷ್ಟೇ ಅವರ ಲೆಕ್ಕ. ಅದೇ ಲೆಕ್ಕದ ಮೇಲೆ ಅಮೆರಿಕದಲ್ಲಿ ಕಾರ್ಖಾನೆ ನಡೆಯುತ್ತಿದೆ ಅಂತ ಗೊತ್ತಾದಾಗ ನನಗೆ ನಗು ಬಂತು.

ಅಲ್ಲಿ ಆಸ್ಪೆನ್ ಮರವನ್ನು ಕೂದಲಿನ ಹಾಗೆ ಸಣ್ಣ ಎಳೆಗಳಾಗಿ ಹೆರೆಯುತ್ತಾರೆ. ಅದಕ್ಕೆ ಎಕ್ಸೆಲ್ಸಿಯರ್ ಅಂತ ಹೆಸರು, ವುಡ್ ವೂಲ್ ಅಂದರೂ ಅದೇ. 1888ರಲ್ಲಿ ಶುರುವಾದ ಅಮೆರಿಕನ್ ಎಕ್ಸೆಲ್ಸಿಯರ್ ಕಂಪನಿಗೆ ಇದೇ ಕಸುಬು. ಗಾಜು, ಪಿಂಗಾಣಿ ಒಡೆಯದಂತೆ ಪೆಟ್ಟಿಗೆಗೆ ತುಂಬಲು ಈ ನಾರು ಬೇಕು. ಮಾವಿನಹಣ್ಣಿನ ಕೆಳಗೆ ನಾವು ಬೈಹುಲ್ಲು ಹಾಸುವುದಿಲ್ವಾ, ಹಾಗೆ. ಎಳೆಗಳು ಸುರುಳಿ ಸುರುಳಿ. ಒಂದಕ್ಕೊಂದು ಸಿಕ್ಕಿಕೊಂಡು ಮೆತ್ತಗೆ ಕೂತಿರುತ್ತವೆ.

ಆ ಸಿಕ್ಕೇ ಇಳಿಜಾರಿಗೂ ಉಪಯೋಗಕ್ಕೆ ಬಂತು. ನಾರನ್ನು ಬಲೆಗೆ ಹೊಲಿದು ಕಂಬಳಿಯಂತೆ ಮಾಡಿ, ಬೀಜ ಬಿತ್ತಿದ ಮಣ್ಣಿನ ಮೇಲೆ ಹಾಸುತ್ತಾರೆ. ಮಳೆಹನಿಯ ಪೆಟ್ಟು ನಾರಿಗೆ ಬೀಳುತ್ತದೆ, ಮಣ್ಣು ಏಳುವುದಿಲ್ಲ. ಹರಿಯುವ ನೀರಿನ ಓಟವೂ ಕಡಿಮೆ. ಹುಲ್ಲು ಬೇರು ಬಿಟ್ಟ ಮೇಲೆ ನಾರು ನಿಧಾನವಾಗಿ ಕೊಳೆತು ಮಣ್ಣಾಗುತ್ತದೆ. ಕೊಳೆಯಲಿ ಅಂತಲೇ ಮಾಡಿದ ಸಾಮಾನು ಇದು!

ನಮಗೆ ಆಸ್ಪೆನ್ ಯಾಕೆ, ತೆಂಗಿನ ಸಿಪ್ಪೆ ಇದೆಯಲ್ಲ. ಹುರಿಹಗ್ಗದ ಬಲೆಗೆ ಕೇರಳದಲ್ಲಿ ಕಯರ್ ಭೂವಸ್ತ್ರ ಅನ್ನುತ್ತಾರೆ. ಉದ್ಯೋಗಖಾತ್ರಿಯವರು ತೋಡಿನ ಬದಿಗೆ ಅದನ್ನು ಹೊದಿಸುವುದನ್ನು ನೀವೂ ನೋಡಿರಬಹುದು. ಸೆಣಬಿನ ಬಲೆ ಒಂದೆರಡು ಮಳೆಗಾಲಕ್ಕೆ ಮುಗಿಯುತ್ತದೆ. ತೆಂಗಿನ ನಾರಿನಲ್ಲಿ ಬೇಗ ಕೊಳೆಯಲು ಬಿಡದ ಲಿಗ್ನಿನ್ ಅನ್ನುವ ಅಂಶ ಜಾಸ್ತಿ, ಹಾಗಾಗಿ 2-3 ವರ್ಷ ಬಾಳುತ್ತದೆ.

ಆದರೆ ಇದು ಹಿಡಿಯುವುದು ಮೇಲ್ಮಣ್ಣನ್ನು ಮಾತ್ರ. ನಮ್ಮ ಕಾಸರಗೋಡಿನ ಗುಡ್ಡೆಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರಡಿ ಜೇಡಿಯಂಥ ಮೆತ್ತಗಿನ ಶೇಡಿ ಮಣ್ಣು. ರಾಷ್ಟ್ರೀಯ ಹೆದ್ದಾರಿ 66ಕ್ಕೆ ಗುಡ್ಡೆ ಕಡಿದಲ್ಲಿ ನಿಂತು ನೋಡಿ, ಗೊತ್ತಾಗುತ್ತದೆ. ನೀರು ಕುಡಿದ ಶೇಡಿ ಜಾರಿದರೆ ಮೇಲಿನ ಕಲ್ಲೂ ಜೊತೆಗೇ ಬರುತ್ತದೆ. ಗೋಡೆಯ ಹಾಗೆ ನೆಟ್ಟಗೆ ಕಡಿದು, ಆಮೇಲೆ ಅದಕ್ಕೆ ಬಲೆ ಹೊದಿಸಿದರೆ ಏನೂ ಪ್ರಯೋಜನವಿಲ್ಲ. ಇಳಿಜಾರು ಕೊಡಬೇಕು, ನೀರಿಗೆ ದಾರಿ ಮಾಡಬೇಕು. ನಾರಿನ ಸರದಿ ಅದರ ನಂತರ.

ನಾನೂ ಒಮ್ಮೆ ಮೋಸಹೋದೆ. ಮನೆಯ ಹಿಂದಿನ ದರೆಗೆ ತಂದ ಬಲೆಯನ್ನು ಸುಮ್ನೆ ಮೇಲಿಂದ ಇಳಿಬಿಟ್ಟೆ. ಬಲೆಗೂ ಮಣ್ಣಿಗೂ ನಡುವೆ ಸಂದು ಇತ್ತು. ನೀರು ಅಡಿಯಿಂದಲೇ ಹರಿದು ತೋಡು ಕೊರೆಯಿತು. ಮರುವರ್ಷ ಮೇಲೆ ಒಂದು ಅಡಿ ಆಳದ ಕಣಿ ತೋಡಿ, ಬಲೆಯ ತುದಿ ಅದರಲ್ಲಿ ಹೂತೆ. ಮಣ್ಣಿಗೆ ತಾಗುವಂತೆ ಎಳೆದು, ಅಲ್ಲಲ್ಲಿ ಗೂಟ ಹೊಡೆದೆ. ಬಲೆಯ ಕಣ್ಣುಗಳಲ್ಲಿ ಲಾವಂಚ ನೆಟ್ಟೆ. ಆಟಿ ತಿಂಗಳು ಮುಗಿಯುವಾಗ ದರೆ ಹಸುರಾಗಿತ್ತು. ಈಗ ಮಳೆಯ ಹೆದರಿಕೆ ಅಷ್ಟಿಲ್ಲ. ಪಕ್ಕದ ಮನೆಯ ದನ ಬೇಲಿ ಹಾರಿ ಬಂದು ಆ ಲಾವಂಚಕ್ಕೇ ಬಾಯಿ ಹಾಕುತ್ತದೆ, ಅದೊಂದು ಬಾಕಿ.

ನಮಸ್ಕಾರ.