ಶಾಲು ಹೊದ್ಸಿದ ಮ್ಯಾಲೆ ಏನು? ಹಿರೇಹಳ್ಳ, ಕುಣಿಕೇರಿ ಸಾಲಿ, ನಮ್ಮ ಮಾಸ್ತರ ಬೇವಿನ ಗಿಡ

ನಮಸ್ಕಾರ್ರಿ ಎಲ್ಲಾರಿಗೂ. ಈಗ ಸ್ಕ್ರೀನ್ ಮ್ಯಾಲೆ ಕಾಣಾಕತ್ತೈತಲ್ರಿ, ಶಾಲು, ಮೈಸೂರು ಪೇಟಾ, ಹಣ್ಣಿನ ಬುಟ್ಟಿ, ಇದು ಹೋದ ವಾರ ಜೂನ್ 5ಕ್ಕ, ವಿಶ್ವ ಪರಿಸರ ದಿನದ ದಿವಸ ನಮ್ಮೂರ ಸಾಲಿಯೊಳಗ ನಾವು ಹಳೇ ವಿದ್ಯಾರ್ಥಿಗಳೆಲ್ಲಾ ಕೂಡಿ ನಮ್ಮ ಮಾಸ್ತರಿಗೆ ಮಾಡಿದ ಸನ್ಮಾನ. ಸಾಲಿ ಸುತ್ತ ಇರೋ ಬೇವು, ಹೊಂಗಿ ಎಲ್ಲಾ ಅವ್ರು ಹಚ್ಚಿದ್ದು. ಕಾರ್ಯಕ್ರಮ ಛಲೋ ಆತು, ಊಟಾನೂ ಆತು, ಆದ್ರ ಫೋಟೋ ಸೆಷನ್ ಮುಗಿದ ಮ್ಯಾಲೆ ಮಾಸ್ತರು ಒಂದು ಮಾತು ಕೇಳಿದ್ರು, ಅದು ಒಂದು ವಾರದಿಂದ ನನ್ನ ತಲಿಯೊಳಗ ಕುಂತು ಬಿಟ್ಟೈತಿ. ಅದನ್ನ ಹೇಳ್ತೀನಿ, ಅದಕ್ಕೂ ಮೊದ್ಲ ಎರಡು ಜಾಗ ನಿಮಗ ತೋರಿಸ್ಬೇಕು, ಯಾಕಂದ್ರ ಆ ಮಾತು ಕೇಳಿದ ಮ್ಯಾಲೇನ ನಾನು ಗಾಡಿ ತಗೊಂಡು ಹೊಂಟಿದ್ದು.

ಮುಂಜಾನೆ ಕೊಪ್ಪಳದಾಗ ಒಗ್ಗರಣಿ ಮಿರ್ಚಿ ತಿಂದು ಸೀದಾ ಹಿರೇಹಳ್ಳಕ್ಕ ಬಂದೀನಿ. ನೋಡ್ರಿ ಇದ ಹಳ್ಳ. ಹೊರಗಿನವ್ರಿಗೆ ಇದೇನು ದೊಡ್ಡ ನದಿ ಅಲ್ಲ ಬಿಡ್ರಿ, ತುಂಗಭದ್ರಾಕ್ಕ ಹೋಗಿ ಕೂಡೋ ಒಂದು ಹಳ್ಳ ಅಷ್ಟ, ಆದ್ರ ಈ ದಂಡಿ ಊರುಗಳ ಬಾವಿ, ಬೋರು, ಹೊಲ ಎಲ್ಲಾ ಇದರ ಮ್ಯಾಲೇ ಅದಾವ. ನಾ ಸಣ್ಣಾಂವ ಇದ್ದಾಗ ಇದನ್ನ ಹಳ್ಳ ಅನ್ನಾಕೂ ಆಗ್ತಿರ್ಲಿಲ್ಲ. ತುಂಬ ಬಳ್ಳಾರಿ ಜಾಲಿ, ಜೇಕು, ಊರ ಗಲೀಜು, ಪ್ಲಾಸ್ಟಿಕ್, ಹೂಳು. ಈ ಬಳ್ಳಾರಿ ಜಾಲಿ ಭಾಳ ಹಠದ ಗಿಡ ರೀ, ಉರುವಲಿಗೆ ಆಗ್ತೈತಿ ಅಂತ ಹೊರಗಿಂದ ತಂದು ಬೆಳೆಸಿದ್ದು, ಅದರ ಕಾಯಿ ಸಿಹಿ ಇರ್ತಾವ, ಕುರಿ ಆಡು ತಿಂತಾವ, ತಿಂದು ಎಲ್ಲೆಲ್ಲಿ ಹಿಕ್ಕಿ ಹಾಕ್ತಾವೋ ಅಲ್ಲೆಲ್ಲಾ ಹುಟ್ಟತೈತಿ, ಕಡಿದ್ರ ಬುಡದಿಂದ ಮತ್ತ ನಾಕು ಟೊಂಗಿ ಹೊಡಿತೈತಿ. ಬೇರು ಸಮೇತ ಕಿತ್ತರಷ್ಟ ಹೋಗೋದು. ಹಳ್ಳದ ನಡಕ ಇದು ಬೆಳೀತಂದ್ರ ಬಂದ ನೀರಿಗೆ ದಾರಿ ಇಲ್ಲ, ನಿಂತಲ್ಲೇ ಹೂಳು ಕೂಡ್ತೈತಿ, ಜೋರು ಮಳಿ ಆದ್ರ ಪಕ್ಕದ ಹೊಲಕ್ಕ ನುಗ್ಗತೈತಿ, ಮಳಿ ಇಲ್ಲಂದ್ರ ಒಣಗಿ ನಿಂದರ್ತೈತಿ.

2019ರಾಗ ಕೊಪ್ಪಳದ ಗವಿಮಠದ ಅಜ್ಜಾರು, ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು, ಈ ಹಳ್ಳಾ ಸ್ವಚ್ಛ ಮಾಡಾಕ ನಿಂತ್ರು. ನಿಂತ್ರು ಅಂದ್ರ ಖರೇನ ನಿಂತ್ರು ರೀ, ಕಾವಿ ಎತ್ತಿ ಕಟ್ಟಿ ಕೆಸರಿನ್ಯಾಗ ಇಳಿದ್ರು, ಆ ಫೋಟೋ ನಮ್ಮ ಕಡೆ ನೋಡದವ್ರ ಇಲ್ಲ. ಅವ್ರು ಇಳಿದಿದ್ದು ನೋಡಿ ಜನ ತಾವಾಗೇ ಬಂದ್ರು, ಒಬ್ಬಾಂವ ಜೆಸಿಬಿ ತಂದ, ಇನ್ನೊಬ್ಬಾಂವ ಟ್ರ್ಯಾಕ್ಟರ್ ತಂದ, ಕೆಲವ್ರು ಡೀಸೆಲ್ಲಿಗೆ ರೊಕ್ಕಾ ಕೊಟ್ರು, ಏನೂ ಇಲ್ಲದವ್ರು ಗುದ್ದಲಿ ಸಲಿಕಿ ಹಿಡ್ಕೊಂಡು ಬಂದ್ರು, ಹಂಗ 20 ಕಿಲೋಮೀಟರ್‌ಗೂ ಹೆಚ್ಚು ಹಳ್ಳ ಸ್ವಚ್ಛ ಆತು. ನಮ್ಮಲ್ಲಿ ಗವಿಸಿದ್ಧೇಶ್ವರ ಜಾತ್ರಿಗೆ ಹಳ್ಳಿ ಹಳ್ಳಿಯಿಂದ ಮನೀಗಿಷ್ಟು ಅಂತ ರೊಟ್ಟಿ ಬಡಿದು ಕಳಿಸ್ತಾರಲ್ರಿ, ಲಕ್ಷಗಟ್ಟಲೆ ರೊಟ್ಟಿ, ನಮ್ಮವ್ವಾನೂ ಕಳಿಸ್ತಾಳ, ಅದ ರೂಢಿ ಹಳ್ಳದಾಗೂ ನಡೀತು ಅಂತ ನನಗ ಅನಸ್ತೈತಿ. ಕೊಡಾಕ ನಮ್ಮ ಜನಕ್ಕ ಯಾರೂ ಕಲಿಸ್ಬೇಕಿಲ್ಲ, ಮುಂದ ನಿಲ್ಲೋವ್ರು ಬೇಕು ಅಷ್ಟ.

ಮಠದಾಗ ಸಾವಿರಾರು ಬಡ ಮಕ್ಕಳು ರೊಕ್ಕಾ ಕೊಡದ ಇದ್ದು ಉಂಡು ಓದ್ತಾರ. 2022ರಾಗ 5,000 ಮಕ್ಕಳ ಹಾಸ್ಟೆಲ್ ಕಟ್ಟೋ ಮಾತು ಆಡ್ತಾ ಆಡ್ತಾ ಅಜ್ಜಾರು ಕಣ್ಣೀರು ಹಾಕಿದ್ದನ್ನ ನಾನು ಮೊಬೈಲಿನ್ಯಾಗ ನೋಡಿದ್ದೆ, ನೋಡಿ ನನಗೂ ತಡಕೊಳ್ಳಾಕ ಆಗಿರ್ಲಿಲ್ಲ. 2025ರ ಫೆಬ್ರುವರಿ 24ಕ್ಕ ಊರ ಮಗ್ಗಲದಾಗ ದೊಡ್ಡ ಉಕ್ಕಿನ ಕಾರ್ಖಾನಿ ಬ್ಯಾಡ ಅಂತ ಕೊಪ್ಪಳ ಬಂದ್ ಆದಾಗ್ಲೂ ಅವ್ರು ಜನರ ಜೋಡಿ ಬಂದಿದ್ರು. ನೀರು, ಗಾಳಿ, ಅಕ್ಷರ ಇವು ಮೂರೂ ಒಂದ ಕೆಲಸ ಅಂತ ತಿಳ್ಕೊಂಡವ್ರು ಹಿಂಗ ಇರ್ತಾರ ನೋಡ್ರಿ.

ಈಗ ಕ್ಯಾಮೆರಾ ಸ್ವಲ್ಪ ಕೆಳಗ ಹಿಡೀತೀನಿ. ಇಲ್ಲಿ ಕಲ್ಲಿನ ಸಂದಿಯೊಳಗ ಕಾಣ್ತೈತಾ? ಗೇಣುದ್ದ. ಜಾಲಿ ಸಸಿ. ಆ ಕಡೆ ಇನ್ನೆರಡು, ಅಲ್ಲೊಂದು ಗುಟ್ಕಾ ಚೀಟಿ ಮಾಲಿ ತೇಲಾಕತ್ತೈತಿ. ಅಷ್ಟು ಮಂದಿ ಬೆವರು ಸುರಿಸಿದ ಹಳ್ಳ ಇದು, ಗೇಣುದ್ದ ಇದ್ದಾಗ ಎರಡು ಬೆರಳಿಲೆ ಕಿತ್ತರ ಬರ್ತೈತಿ, ನಾಕು ವರ್ಷ ಬಿಟ್ರ ಮತ್ತ ಜೆಸಿಬಿನ ಬೇಕು. ನಾನು ಅಲ್ಲಿ ಕಂಡವು ಕಿತ್ತೆ, ಹನ್ನೊಂದು ಸಿಕ್ಕವು.

ಅಲ್ಲಿಂದ ಕುಣಿಕೇರಿ. ಕೊಪ್ಪಳಕ್ಕ ಹತ್ರಾನ. ಈ ಸಾಲಿ ಹೆಸರು ಕೇಳಿದವ್ರಿಗೆ ಹುಚ್ಚಮ್ಮ ಚೌದ್ರಿ ಅವ್ರ ಹೆಸರು ಗೊತ್ತ ಇರ್ತೈತಿ. ಮಕ್ಕಳಿರದ ಹೆಣ್ಮಗಳು, ಇದ್ದ ಎರಡು ಎಕರೆ ಹೊಲಾನ ಊರ ಮಕ್ಕಳ ಸಾಲಿಗೆ ಅಂತ ದಾನಾ ಕೊಟ್ರು, ಮೊದ್ಲ ಕಟ್ಟಡಕ್ಕ, ಆಮ್ಯಾಲೆ ಆಟದ ಬಯಲಿಗೆ. ಕೊಟ್ಟು ದೊಡ್ಡ ಕುರ್ಚಿ ಮ್ಯಾಲೆ ಕುಂದರಲಿಲ್ರಿ, ಅದ ಸಾಲಿಯೊಳಗ ಬಿಸಿಯೂಟ ಮಾಡೋ ಕೆಲಸಕ್ಕ ನಿಂತ್ರು. ಇದನ್ನ ಒಂದು ಸಲ ಸಾವಕಾಶ ಯೋಚನೆ ಮಾಡ್ರಿ. ತನ್ನ ಹೊಲದಾಗ ಕಟ್ಟಿದ ಸಾಲಿಯೊಳಗ ಒಲಿ ಮುಂದ ನಿಂತು ಅನ್ನ ಬೇಯಿಸಿ, ಆ ಹುಡುಗ್ರಿಗೆ ಬಡಿಸಿ. ಈಗ ಆ ಭೂಮಿ ರೇಟ್ ಕೋಟಿ ಮಾತು. 2023ರಾಗ ಸರ್ಕಾರ ಅವ್ರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡ್ತು, ಆವತ್ತು ನಮ್ಮ ಜಿಲ್ಲಾದ ವಾಟ್ಸಾಪ್ ಸ್ಟೇಟಸ್ ತುಂಬ ಅವ್ರ ಫೋಟೋನ ಇತ್ತು.

ನಾನು ಅವ್ರ ಮನೀಗೆ ಹೋಗಲಿಲ್ಲ. ವಯಸ್ಸಾದ ಜೀವ, ಹೋಗ್ತಾ ಬರ್ತಾ ಎಲ್ಲಾರೂ ಮುಖದ ಮುಂದ ಮೊಬೈಲ್ ಹಿಡಿಯೋದು ನನಗ ಸರಿ ಅನಸಲಿಲ್ಲ. ಸಾಲಿ ಕಂಪೌಂಡ್ ಹೊರಗ ನಿಂತು ಹತ್ತು ನಿಮಿಷ ನೋಡಿದೆ, ಭಾನುವಾರ, ಗೇಟ್ ಹಾಕಿತ್ತು, ಒಂದಿಬ್ರು ಹುಡುಗ್ರು ಹೊರಗ ಟೈರ್ ಉರುಳಸ್ತಿದ್ರು. ಎರಡು ಎಕರೆ ಒಣಬೇಸಾಯದ ಹೊಲ ಅಂದ್ರ ನಮ್ಮ ಕಡೆ ಒಂದು ಮನೀ ವರ್ಷದ ಜ್ವಾಳ ರೀ. ನಮ್ಮಪ್ಪ ಎರಡು ಅಡಿ ಬದುವಿನ ಸಲುವಾಗಿ ಅಣ್ಣನ ಜೋಡಿ ಆರು ವರ್ಷ ಮಾತು ಬಿಟ್ಟಿದ್ದ, ಅದನ್ನ ಕಂಡಾಂವ ನಾನು, ಅದಕ್ಕ ಆ ಗೇಟ್ ಮುಂದ ನಿಂತಾಗ ಗಂಟಲು ಬಿಗೀತು.

ಈಗ ನಮ್ಮ ಮಾಸ್ತರ ಮಾತು. ಹೆಸರು ಹೇಳಬ್ಯಾಡ ಅಂದಾರ, ಹೇಳಂಗಿಲ್ಲ. ನಾನು ಆರನೇ ಕ್ಲಾಸಿನ್ಯಾಗ ಇದ್ದಾಗ ಸಾಲಿ ಸುತ್ತ ಬರೀ ಬಯಲು, ಬ್ಯಾಸಗಿಯೊಳಗ ಪ್ರಾರ್ಥನಾಕ್ಕ ನಿಂತ್ರ ಹುಡುಗ್ರು ತಲಿ ತಿರುಗಿ ಬೀಳ್ತಿದ್ರು. ಮಾಸ್ತರು ಸಸಿ ತಂದ್ರು, ಹಾಜರಿ ನಂಬರ್ ಪ್ರಕಾರ ಒಬ್ಬೊಬ್ರಿಗೆ ಒಂದೊಂದು ಕೊಟ್ರು. ನನ್ನ ನಂಬರ್ 23, ನನ್ನದು ಬೇವು. ಮನಿಯಿಂದ ಒಡಕು ಮಡಕಿ ತರಾಕ ಹೇಳಿ, ತಳದಾಗ ಮೊಳಿಯಿಂದ ಸಣ್ಣ ತೂತು ಮಾಡಿ, ಹಳೇ ಧೋತ್ರದ ಅರಿಬಿ ಹೊಸೆದು ಬತ್ತಿ ಹಾಕಿ, ಸಸಿ ಬುಡದ ಹತ್ರ ಹುಗಿಸಿದ್ರು. ಒಂದು ಕೊಡ ಹಾಕಿದ್ರ ಮಡಕಿ ಹನಿ ಹನಿ ಬಿಡ್ತಾ ಎರಡು ಮೂರು ದಿನ ಬೇರಿಗೆ ತಂಪು ಕೊಡ್ತಿತ್ತು. ಸೂಟಿಯೊಳಗ ನಾವೆಲ್ಲಾ ಅಜ್ಜಿ ಊರಿಗೆ ಹೋದ್ರ ಅವ್ರು ಏಪ್ರಿಲ್, ಮೇ ಬಿಸಲಾಗ ಸೈಕಲ್ಲಿಗೆ ಎರಡು ಕೊಡ ಕಟ್ಕೊಂಡು ಬಂದು ಅಷ್ಟೂ ಮಡಕಿ ತುಂಬ್ತಿದ್ರು. ದನಾ ತಿನ್ನಬಾರ್ದು ಅಂತ ಸುತ್ತ ಮುಳ್ಳು ಕಟ್ಟಿ ತಂತಿ ಬಿಗಿದಿದ್ರು.

ಸನ್ಮಾನದ ದಿನ ಭಾಷಣ ನಡದಾಗ ಅವ್ರು ಸ್ಟೇಜ್ ಮ್ಯಾಲೆ ಕುಂತು ನಮ್ಮನ್ನ ನೋಡ್ಲೇ ಇಲ್ಲ, ಗಿಡಾನ ನೋಡಾಕತ್ತಿದ್ರು. ನಾನು ಅಂದ್ಕೊಂಡೆ ಖುಷಿಗೆ ನೋಡ್ತಾರ ಅಂತ. ಫೋಟೋ ಮುಗಿದ ಮ್ಯಾಲೆ ಶಾಲು ತೆಗೆದು ಕುರ್ಚಿ ಮ್ಯಾಲೆ ಮಡಚಿಟ್ಟು ನನ್ನ ಕರೆದ್ರು. "ತಮ್ಮಾ, ನಿನ್ನ ಗಾಡಿಯೊಳಗ ಪಕ್ಕಡ ಐತೇನೋ?"

ಪಕ್ಕಡ ತಂದು ಕೊಟ್ಟೆ. ಸೀದಾ ಒಂದು ಬೇವಿನ ಹತ್ರ ಹೋದ್ರು. ಆವಾಗ ಕಟ್ಟಿದ ತಂತಿ ಯಾರೂ ಬಿಚ್ಚಿರ್ಲಿಲ್ಲ ರೀ. ಗಿಡ ಬೆಳೆದು ದಪ್ಪ ಆಗಿ, ತಂತಿ ತೊಗಟಿಯೊಳಗ ಹೂತು, ಮ್ಯಾಲೆ ಕೆಳಗ ಗಂಟು ಗಂಟು ಉಬ್ಬಿ, ಕುತ್ತಿಗಿ ಬಿಗಿದಂಗ ಕಾಣ್ತಿತ್ತು. ಒಳಗಿನ ಆಹಾರ ತೊಗಟಿ ಕೆಳಗಿಂದ ಇಳಿದು ಬೇರಿಗೆ ಹೋಗಬೇಕು, ಅಲ್ಲೇ ಬಿಗಿದ್ರ ಗಿಡ ಮೆಲ್ಲಕ ಸೊರಗ್ತೈತಿ, ಒಂದು ಜೋರು ಗಾಳಿಗೆ ಅಲ್ಲೇ ಮುರೀತೈತಿ, ಇದನ್ನೆಲ್ಲಾ ಅವ್ರು ತಂತಿ ತುದಿ ಹುಡುಕ್ತಾ ಹುಡುಕ್ತಾ ಹೇಳಿದ್ರು, ಆರನೇ ಕ್ಲಾಸಿನ್ಯಾಗ ಹೇಳಿದಂಗ. ಕೈ ನಡಗ್ತಾವ ಅವ್ರಿಗೆ. ಪಕ್ಕಡ ನನ್ನ ಕೈಯಾಗ ಕೊಟ್ರು, ನಾನು ಕತ್ತರಿಸಿದೆ, ಅವ್ರು ಎಳೆದ್ರು. ಹೊರಗಿನದಷ್ಟ ಬಂತು, ಒಳಗ ಮುಳುಗಿದ್ದನ್ನ ಹಂಗ ಬಿಡು, ಎಳೆದ್ರ ತೊಗಟಿ ಹರೀತೈತಿ ಅಂದ್ರು. ಬೆರಳಿಗೆಲ್ಲಾ ಬೇವಿನ ಅಂಟು.

"ಇದು ಯಾರ ನಂಬರೋ?" ಅಂದ್ರು. ನಾನು ಬಾಗಲಿಂದ ಎಣಿಸಿದೆ. 23.

ಇವತ್ತು ಸಂಜಿಕ ಮತ್ತ ಸಾಲಿಗೆ ಬಂದೀನಿ, ಇದ ಆ ಪಕ್ಕಡ, ಇವರು ನನ್ನ ಜೋಡಿ ಓದಿದವ್ರು, ಒಬ್ಬಾಂವ ಮೆಕ್ಯಾನಿಕ್, ಒಬ್ಬಾಕಿ ಅಂಗನವಾಡಿ ಟೀಚರ್. ಇನ್ನೂ ಹದಿನೇಳು ಗಿಡಕ್ಕ ತಂತಿ ಐತಿ. ಮಾಸ್ತರು ಅಲ್ಲಿ ಕಟ್ಟಿ ಮ್ಯಾಲೆ ಕುಂತಾರ, ಫೋನ್ ಆಫ್ ಮಾಡು ಅನ್ನಾಕತ್ತಾರ, ಬೆಳಕು ಹೋಗೋದ್ರೊಳಗ ನಾಕರೆ ಮುಗಿಸ್ಬೇಕಂತ.